ಹತ್ತು ಗಂಟೆಯ ಟಿಂಗ್

ಹತ್ತನೇ ತಾರೀಕು, ಸೋಮವಾರ

ಪ್ರೀತಿಯ ಇಸ್ತ್ರಿಯಕ್ಕನಿಗೆ,

ನಿನ್ನ ಕತ್ತರಿ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ಮೂರು ವರ್ಷ ಒಂದು ಸಾಲೂ ಬರೆಯದವಳು ಈಗ ಒಮ್ಮೆಗೇ ಇಷ್ಟುದ್ದ ಕಾಗದ ಬರೆದಿದ್ದಾಳಲ್ಲ, ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಅಂದುಕೊಂಡರೆ ತಪ್ಪಿಲ್ಲ. ಕೆಲಸ ಬಿದ್ದಿದೆ. ತಡವಾಯಿತು ಕ್ಷಮಿಸು ಎಂದು ಕೇಳುವುದಕ್ಕೂ ತಡವಾಗಿದೆ, ಆದರೂ ಕೇಳುತ್ತಿದ್ದೇನೆ. ವಿಳಾಸ ಕೊಟ್ಟವನು ಅಂದು ನಿನ್ನ ಸಾಮಾನು ಹೇರಿಕೊಂಡು ಹೋದ ಗಾಡಿಯವನು. ಬಾಗಿಲು ನೀಲಿ, ಮೆಟ್ಟಿಲು ಹದಿನಾಲ್ಕು, ಮೂರನೆಯದು ಒಡೆದಿದೆ ಎಂದೆಲ್ಲ ಥಟ್ಟನೆ ಹೇಳಿದ. ಮನೆಯ ನಂಬರು ನೆನಪಿಸಿಕೊಳ್ಳುವುದಕ್ಕೆ ಮಾತ್ರ ಎರಡು ಲೋಟ ಚಹಾ ಬೇಕಾಯಿತು.

ಇದನ್ನು ನಿನ್ನ ಮಗಳು ಓದಿ ಹೇಳುತ್ತಿದ್ದರೆ, ಮಗಳೇ, ನಿನಗೂ ನನ್ನ ಆಶೀರ್ವಾದ. ಜೋರಾಗಿ ಓದು. ಬೈಗುಳ ಬಂದ ಕಡೆ ಇನ್ನೂ ಜೋರಾಗಿ ಓದು.

ಈ ಕಥೆಯನ್ನು ಮೊದಲು ಹೇಳಿದವನು ನಮ್ಮ ಸಾಲಿನ ಸೈಕಲ್ಲಣ್ಣ, ಹೋದ ತಿಂಗಳ ಕೊನೆಯ ಬುಧವಾರ, ಬೆಳಗಿನ ಚಹಾದ ಹೊತ್ತಿಗೆ. ನೀರಿನ ಬೋಗುಣಿಯಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಏಳುವುದನ್ನು ಕಾಯುತ್ತಾ, ಗಾಜಿನಂಗಡಿ ಅಜ್ಜನಿಗೂ ನಾಲ್ಕು ಗಿರಾಕಿಗಳಿಗೂ ಹೇಳಿದ:

“ಒಂದಾನೊಂದು ಬೀದೀಲಿ ಏಳು ಅಂಗಡಿ. ಏಳು ಅಂಗಡಿಗೆ ಏಳು ಪೆಟ್ಟಿಗೆ. ಏಳು ಪೆಟ್ಟಿಗೆಗೂ ಒಂದೇ ಬೀಗದ ಕೈ. ಆ ಬೀಗದ ಕೈ ಇಟ್ಕೊಂಡಿದ್ದ ಮುದುಕಿ ಒಂದಿನ ಏಳು ಸಮುದ್ರ ದಾಟಿ ಹೊರಟೋದ್ಲು!”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀನೇನು ಮುದುಕಿಯೇ? ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿಗೆ ಸಮುದ್ರ ಎಲ್ಲಿಂದ ಬಂತು? ಅವನ ಕಥೆಗೆ ಗಾಳಿ ಜಾಸ್ತಿ, ಕಸುಬೇ ಅದು. ನಡೆದದ್ದನ್ನು ನಡೆದ ಹಾಗೆ ನಾನು ಹೇಳುತ್ತೇನೆ. ನಿನಗೆ ಅರ್ಧ ಗೊತ್ತಿರುವುದೇ. ಮಗಳಿಗೆ ಗೊತ್ತಿಲ್ಲ, ಅದಕ್ಕೆ ಬುಡದಿಂದಲೇ ಶುರು ಮಾಡುತ್ತೇನೆ.

ಹದಿಮೂರು ವರ್ಷದ ಹಿಂದೆ ಬ್ಯಾಂಕಿನವರೊಬ್ಬರು ಚೀಲದ ತುಂಬ ಅರ್ಜಿ ತುಂಬಿಕೊಂಡು ನಮ್ಮ ಸಾಲಿಗೆ ಬಂದರಲ್ಲ, ನೆನಪಿದೆಯೇ? ಎಲ್ಲರಿಗೂ ಖಾತೆ ತೆರೆಯುತ್ತೇವೆ ಎಂದರು. ಅರ್ಜಿಯಲ್ಲಿ ಮೊಬೈಲ್ ನಂಬರಿಗೆ ಒಂದು ಚೌಕದ ಸಾಲು. ಏಳು ಅಂಗಡಿಯಲ್ಲಿ ಮೊಬೈಲ್ ಇದ್ದದ್ದು ನಿನ್ನೊಬ್ಬಳ ಹತ್ತಿರ. ಮನೆ ಮನೆಯಿಂದ ಬಟ್ಟೆ ತರಿಸಿಕೊಳ್ಳಲು ಬೇಕು ಎಂದು ಕೊಂಡಿದ್ದೆ. ಬ್ಯಾಂಕಿನವರು “ನಂಬರ್ ಇಲ್ದೆ ಅರ್ಜಿ ಮುಂದಕ್ಕೆ ಹೋಗಲ್ಲ” ಎಂದರು. ನೀನು ಇಸ್ತ್ರಿ ಒತ್ತುತ್ತಾ ತಲೆ ಎತ್ತದೆ, “ಅದಕ್ಯಾಕಷ್ಟು ಯೋಚ್ನೆ, ಎಲ್ರೂ ನಂದೇ ಬರೀರಿ” ಅಂದೆ. ಬರೆದೆವು. ಏಳು ಅರ್ಜಿ, ಒಂದು ನಂಬರು. ಅವರೂ ಸುಮ್ಮನೆ ತೆಗೆದುಕೊಂಡು ಹೋದರು. ಆ ಕಾಲ ಹಾಗಿತ್ತು.

ಆಮೇಲಿನದು ಹಬ್ಬ. ಯಾರ ಖಾತೆಗೆ ಏನು ಬಂದರೂ ನಿನ್ನ ಫೋನು ಟಿಂಗ್. ನೀನು ಮೇಜಿನ ಹಿಂದಿನಿಂದಲೇ ಕೂಗುತ್ತಿದ್ದೆ: “ಸೈಕಲ್ಲಣ್ಣಾ, ನಿನ್ನ ಮಾವ ಕಳ್ಸಿದ್ದು ಬಂತು ನೋಡು!” ಅವನು ಮಾವನ ಹತ್ತಿರ ಕೈ ಚಾಚಿದ್ದಾನೆಂದು ಸಾಲಿಗೆಲ್ಲ ಗೊತ್ತಾಗುತ್ತಿತ್ತು. ಗಾಜಿನಂಗಡಿ ಅಜ್ಜ, “ಅಮ್ಮಾ, ನಂದು ಬಂದ್ರೆ ಕೂಗ್ಬೇಡ, ಕೆಮ್ಮು ಸಾಕು” ಎಂದು ಬೇಡಿಕೊಂಡದ್ದುಂಟು. ನೀನು ಕೆಮ್ಮಿದರೂ ಎಲ್ಲರೂ “ಅಜ್ಜಂದು ಬಂತು” ಎನ್ನುತ್ತಿದ್ದರು. ಗುಟ್ಟು ಎನ್ನುವ ಪದಾರ್ಥ ನಮ್ಮ ಸಾಲಿನಲ್ಲಿ ಬಾಳುತ್ತಲೇ ಇರಲಿಲ್ಲ.

ಈಗ ಇವತ್ತಿನ ಸಂಕಟಕ್ಕೆ ಬರುತ್ತೇನೆ.

ಅಕ್ಕ, ಈಗ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಅಂಗಡಿಗೆ ಬರುತ್ತಾರೆ, ಗೋಡೆ ನೋಡುತ್ತಾರೆ. ಕಪ್ಪು ಚುಕ್ಕಿ ಚೌಕದ ಕಾಗದ ಅಂಟಿಸಿದ್ದರೆ ಫೋನು ಎತ್ತಿ ಹಿಡಿಯುತ್ತಾರೆ, ಇಲ್ಲದಿದ್ದರೆ “ಸ್ಕ್ಯಾನ್ ಇಲ್ವಾ?” ಎಂದು ಕೇಳಿ, ಹೆಣ ಕಂಡವರ ಹಾಗೆ ಮುಖ ಮಾಡಿ ಹೋಗುತ್ತಾರೆ. ಒಂದು ಪ್ಯಾಂಟಿನ ಅಂಚು ಮಡಿಸಿದ್ದಕ್ಕೆ “ನಾಳೆ ಚಿಲ್ಲರೆ ತರ್ತೀನಿ” ಎಂದು ಹೋದವರು ನಾಳೆಯ ಜೊತೆಗೇ ಹೋದರು. ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಶಾಲೆಯ ಸಮವಸ್ತ್ರ ನಮ್ಮದೇ ಅಲ್ಲವೇ, ನೀನಿದ್ದಾಗಿನಿಂದಲೂ? ಈ ಸಲ ಇನ್ನೂರ ನಲವತ್ತು ಜೊತೆ. ಶಾಲೆಯ ಗುಮಾಸ್ತ ಬಂದು ಬಾಗಿಲಲ್ಲೇ ನಿಂತ.

“ಮೇಡಂ, ಮುಂಗಡ ಇನ್ಮೇಲೆ ಆ್ಯಪ್‌ಗೇ ಹಾಕೋದು. ಕೈಗೆ ಕೊಡೋ ಪದ್ಧತಿ ನಿಂತೋಯ್ತು.”

“ಹದಿನೆಂಟು ವರ್ಷ ಕೈಗೇ ಕೊಟ್ರಲ್ಲ, ನನ್ ಕೈಗೇನಾಯ್ತು?”

“ನಿಮ್ ಕೈಗೇನೂ ಆಗಿಲ್ಲ, ನಮ್ ಆಡಿಟ್‌ಗಾಗಿದೆ. ಹದಿನಾಲ್ಕನೇ ತಾರೀಕು ಶುಕ್ರವಾರ ಸಂಜೆ ತನಕ ಕಾಯ್ತೀನಿ. ಆಮೇಲೆ ಆರ್ಡರ್ ದೊಡ್ಡ ಅಂಗಡಿಗೆ ಹೋಗುತ್ತೆ. ನನ್ನನ್ನ ಬೈಕೋಬೇಡಿ.”

ಬೈದುಕೊಂಡೆ. ಆಮೇಲೆ ಒಂದು ಫೋನು ಕೊಂಡೆ. ಅಜ್ಜನೇ ಕಲಿಸಿದ. ಎಪ್ಪತ್ತು ದಾಟಿದ್ದಾನೆ, ಗಾಜು ಕೊರೆಯುವ ಬೆರಳು, ಪರದೆಯ ಮೇಲೆ ಜಾರುಬಂಡೆ ಇಳಿದ ಹಾಗೆ ಓಡುತ್ತದೆ. ನನ್ನ ಬೆರಳೋ, ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾಗಿ, ಒತ್ತಿದರೆ ಫೋನಿಗೆ ಗೊತ್ತೇ ಆಗುವುದಿಲ್ಲ. “ಎಡಗೈ ಕಿರುಬೆರಳಲ್ಲಿ ಒತ್ತಮ್ಮ, ಅದು ಸೋಮಾರಿ ಬೆರಳು, ಮೆತ್ತಗಿರುತ್ತೆ” ಎಂದ ಅಜ್ಜ. ಹಾಗೇ ಒತ್ತುತ್ತಿದ್ದೇನೆ. ಬ್ಯಾಂಕಿನ ಕಾರ್ಡು ಗುಂಡಿ ಡಬ್ಬಿಯಲ್ಲಿ ಬಿದ್ದು ಬಿದ್ದು ಅಂಕಿ ಸವೆದಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಿಕ್ಕಿ ಹದಿನಾರು ಅಂಕಿ ಓದಿಕೊಂಡೆ. ಒಂದೊಂದೇ ತುಂಬಿದೆ. “ಕಾರ್ಡ್ ಸೇರಿಸಿ” ಎಂದಿತ್ತು, ಒತ್ತಿದೆ. ಒಂದು ಚಕ್ರ ತಿರುಗಿತು. ಆಮೇಲೆ ಬರೆದುಕೊಂಡು ಬಂತು: ನಲವತ್ತೇಳರಲ್ಲಿ ಕೊನೆಯಾಗುವ ನಂಬರಿಗೆ ಆರು ಅಂಕಿಯ ಕೋಡ್ ಕಳುಹಿಸಲಾಗಿದೆ.

“ನಲವತ್ತೇಳು ಯಾರ್ದಜ್ಜಾ?” ಅಂದೆ. ಅಜ್ಜ ನನ್ನ ಮುಖ ನೋಡಿದ. ನನಗೂ ಅಷ್ಟರಲ್ಲಿ ಹೊಳೆದಿತ್ತು.

ಅಂದಿನಿಂದ ಶುರುವಾಯಿತು ನೋಡು ನನ್ನ ಪಡಿಪಾಟಲು. ಕೋಡಿಗೆ ಐದು ನಿಮಿಷ ಆಯುಸ್ಸು. ಕೆಳಗೆ ಸೆಕೆಂಡು ಇಳಿಯುತ್ತಾ ಬರುತ್ತದೆ, ಮೇಲೆ ಆರು ಖಾಲಿ ಚೌಕ ಬಾಯಿ ತೆರೆದು ಕೂತಿರುತ್ತವೆ, ಗುಟುಕಿಗೆ ಕಾದ ಹಕ್ಕಿಮರಿಗಳ ಹಾಗೆ. ಹಾಕುವುದಕ್ಕೆ ನನ್ನ ಹತ್ತಿರ ಏನಿದೆ? ಮೊದಲ ದಿನ ಮೂರು ಸಲ ಒತ್ತಿದೆ. ಕೆಂಪಕ್ಷರದಲ್ಲಿ “ಇಂದಿನ ಪ್ರಯತ್ನಗಳು ಮುಗಿದಿವೆ, ನಾಳೆ ಬನ್ನಿ” ಎಂದಿತು. ನನ್ನದೇ ಅಂಗಡಿಯಲ್ಲಿ ಕೂತು, ನನ್ನದೇ ಕಾರ್ಡು ಹಿಡಿದು, ನಾಳೆ ಬಾ ಎನ್ನಿಸಿಕೊಂಡೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಯಾರೆಂದೇ ತಿಳಿಯದು.

ಸಹಾಯವಾಣಿಗೆ ಫೋನು ಮಾಡಿದೆ. “ನಿಮ್ಮ ಕರೆ ನಮಗೆ ಅಮೂಲ್ಯ” ಎಂದು ಒಬ್ಬಳು ಹೇಳಿದಳು, ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಎರಡು ಶರ್ಟಿನ ಕಾಲರು ಮುಗಿಸಿದೆ. ಕೊನೆಗೆ ನಿಜವಾದ ಮನುಷ್ಯನೊಬ್ಬ ಸಿಕ್ಕ. ನನ್ನ ಗೋಳೆಲ್ಲ ಕೇಳಿದ. ಕೇಳಿ, ಬಾಯಿಪಾಠ ಒಪ್ಪಿಸಿದ: “ಮೇಡಂ, ನಿಮಗೆ ಬರೋ ಕೋಡನ್ನ ದಯವಿಟ್ಟು ಯಾರಿಗೂ ಹೇಳ್ಬೇಡಿ.”

“ಅಯ್ಯೋ ನನ್ನಪ್ಪಾ, ನನಗೇ ಯಾರೂ ಹೇಳ್ತಿಲ್ವಲ್ಲೋ!” ಅಂದೆ.

“ಇನ್ನೇನಾದ್ರೂ ಸಹಾಯ ಬೇಕಾ ಮೇಡಂ?” ಅಂದ.

ಬ್ಯಾಂಕಿಗೂ ಹೋದೆ. ಒಂದನೇ ಕೌಂಟರಿನವರು ಮೂರಕ್ಕೆ ಹೋಗಿ ಅಂದರು, ಮೂರರಲ್ಲಿ ಚಹಾ ಲೋಟ ಇತ್ತು, ಆಳಿರಲಿಲ್ಲ. ಬಂದ ಮೇಲೆ ಆ ಹೆಂಗಸು ಏನೋ ಒಂದು ಕಾಗದ ಕೈಗೆ ಕೊಟ್ಟಳು. ಇರುವೆ ಸಾಲಿನಂಥ ಅಕ್ಷರ. ತಂದು ಎಲ್ಲಿಟ್ಟೆನೋ. ಸಾಲಿನ ಉಳಿದವರೆಲ್ಲ ತಮ್ಮ ತಮ್ಮ ದಾರಿ ನೋಡಿಕೊಂಡರು. ಸೈಕಲ್ಲಣ್ಣನ ಗೋಡೆಯ ಮೇಲೂ ಈಗ ಚುಕ್ಕಿ ಚೌಕ ಇದೆ, ಗ್ರೀಸು ಮೆತ್ತಿಕೊಂಡು. ನನ್ನದೊಂದೇ ಆಗಲಿಲ್ಲ.

ಹಾಗಾಗಿ ದಿನಾ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ಒಂದು ಸಲ ಒತ್ತುತ್ತೇನೆ. ಅಂಗಡಿ ಮುಚ್ಚುವ ಭಾನುವಾರ ಬಿಟ್ಟರೆ ಇವತ್ತಿಗೆ ಹನ್ನೆರಡು ಬೆಳಗಾಯಿತು. ಒತ್ತಿ, ಕೆಲಸ ಬಿಟ್ಟು, ಐದು ನಿಮಿಷ ಕೂರುತ್ತೇನೆ. ಈಗ ಬೈಗುಳ ಬಂತು, ಮಗಳೇ, ಜೋರಾಗಿ ಓದು. ಅಲ್ಲಕ್ಕ, ಹನ್ನೆರಡು ದಿನ ನಿನ್ನ ಫೋನು ಟಿಂಗ್ ಅಂದಿದೆ! ಉಳಿದ ಅಂಗಡಿಗಳದೆಲ್ಲ ನಿಂತು ಹೋದ ಮೇಲೆ ಬರುವುದು ನನ್ನದೊಂದೇ ಎಂದು ನಿನಗೆ ಗೊತ್ತಿರಬೇಡವೇ? “ಏನೇ ಕತ್ತರಿ, ಯಾಕೆ ಬಡ್ಕೊತಿದೀಯ?” ಎಂದು ಒಂದು ಮಾತು ಕೇಳಬಾರದೇ? ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ, ಅರ್ಧ ನನ್ನ ಹೊಲಿಗೆ ಯಂತ್ರ, ಅರ್ಧ ನಿನ್ನ ಮೇಜು. ನಾನು ಹೊಲಿದದ್ದು ಬಿಸಿಯಾಗದೆ ಹೊರಗೆ ಹೋದದ್ದಿಲ್ಲ. ಕಲ್ಲು ಕೂಡ ಹನ್ನೆರಡು ಸಲ ತಟ್ಟಿದರೆ ಏನಾದರೂ ಅನ್ನುತ್ತದೆ.

ನೀನೇ ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಸಾಲಿನವರೂ ಅದನ್ನೇ ಹೇಳುತ್ತಾರೆ. ಮಾಡಿದೆ ಎಂದಿಟ್ಟುಕೋ. ನೀನು “ಹಲೋ” ಅಂದೆ ಎಂದಿಟ್ಟುಕೋ. ಆಮೇಲೆ ನಾನೇನು ಹೇಳಲಿ? ಅದಕ್ಕೇ ಕಾಗದ. ಇದನ್ನು ಕೇಳಿ ಸೈಕಲ್ಲಣ್ಣ ಬಿದ್ದು ಬಿದ್ದು ನಗುತ್ತಾನೆ: “ಕೋಡ್‌ಗೆ ಐದು ನಿಮಿಷ ಆಯುಸ್ಸು, ಕಾಗದಕ್ಕೆ ಎರಡು ದಿನದ ದಾರಿ. ಆಮೆ ಮೇಲೆ ಕೂತ್ಕೊಂಡು ಬಸ್ ಹಿಡಿಯೋಕೆ ಹೊರಟಿದಾಳೆ!” ನಗಲಿ. ನಾನು ಕೇಳುವುದು ಇಷ್ಟೇ: ಕಾಗದ ಸಿಕ್ಕಿದ ಮಾರನೇ ದಿನ, ಹತ್ತು ಗಂಟೆಗೆ ಫೋನು ಪಕ್ಕದಲ್ಲಿಟ್ಟುಕೋ. ಟಿಂಗ್ ಅಂದ ಕೂಡಲೇ ಲಕೋಟೆಯ ಹಿಂದೆ ಬರೆದಿರುವ ನನ್ನ ನಂಬರಿಗೆ ಮಾಡಿ, ಆರು ಅಂಕಿ ಹೇಳು. ಬೇರೇನೂ ಹೇಳದಿದ್ದರೂ ಸರಿ. ಆ ವಕೀಲರ ಕೋಟಿನ ವಿಷಯ ನಾನಿಲ್ಲಿ ಎತ್ತುವುದಿಲ್ಲ. ನೀನೂ ಎತ್ತಬೇಡ.

ನಿನ್ನ ಮಂಡಿನೋವು ಕಡಿಮೆಯಾಗಲಿ. ಹದಿನಾಲ್ಕು ಮೆಟ್ಟಿಲು ಹುಷಾರಾಗಿ ಇಳಿ, ಮೂರನೆಯದು ಒಡೆದಿದೆ. ಮಗಳ ಕೈ ತುಂಬ ಕೆಲಸವಿರಲಿ, ಮನೆ ತುಂಬ ನಗುವಿರಲಿ. ನಿನಗೆ ನನ್ನ ಆಯುಸ್ಸಿನಲ್ಲಿ ಸ್ವಲ್ಪ ಸೇರಲಿ.

ನಿನ್ನ,
ಕತ್ತರಿ

ಮರೆತ ಮಾತು, ಹನ್ನೊಂದನೇ ತಾರೀಕು, ಮಂಗಳವಾರ:

ನಿನ್ನೆ ಸಂಜೆ ಅಂಗಡಿ ಮುಚ್ಚುವ ಮುಂಚೆ ಮೇಲಿನದಷ್ಟನ್ನೂ ಸೈಕಲ್ಲಣ್ಣನಿಗೂ ಅಜ್ಜನಿಗೂ ಓದಿ ಹೇಳಿದೆ. ಸೈಕಲ್ಲಣ್ಣ ಆಮೆಯ ಮಾತು ಬಂದಾಗ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ. ಅಜ್ಜ ಮಾತ್ರ ಕನ್ನಡಕ ಒರೆಸಿಕೊಂಡು, “ಚೆನ್ನಾಗಿ ಬರ್ದಿದೀಯಮ್ಮ. ಕಾಗದ ಯಾವಾಗ ಬರೀತೀಯ?” ಅಂದ.

ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಿನಗೆ ಕಣ್ಣು ಮಂಜಾಗುತ್ತಿದೆ ಎಂದು ನೀನು ಹೇಳಿದ್ದು ನನ್ನೊಬ್ಬಳಿಗೆ. “ಯಾರಿಗೂ ಹೇಳ್ಬೇಡ ಕತ್ತರಿ, ಗೊತ್ತಾದ್ರೆ ಒಂದು ಕರ್ಚೀಫೂ ನನ್ ಕೈಗೆ ಕೊಡಲ್ಲ” ಅಂದಿದ್ದೆ. ಎರಡು ವರ್ಷ ಹೇಳಲಿಲ್ಲ. ಇಸ್ತ್ರಿಪೆಟ್ಟಿಗೆಯ ಶಾಖದ ಗುಂಡಿ ನಿನಗೆ ಕಾಣುತ್ತಿರಲಿಲ್ಲ. ನಾನೇ ತಿರುಗಿಸಿ, “ಹತ್ತಿಗಿದೆ ಅಕ್ಕ”, “ಉಣ್ಣೆಗಿದೆ ಅಕ್ಕ” ಎನ್ನುತ್ತಿದ್ದೆ. ಸಾಲಿಗೆ ಅದು ನಮ್ಮಿಬ್ಬರ ಹಾಡು ಎಂದೇ ಅನಿಸುತ್ತಿತ್ತು. ಆ ದಿನ ವಕೀಲರ ಉಣ್ಣೆ ಕೋಟು ನಿನ್ನ ಮೇಜಿನ ಮೇಲಿತ್ತು, ಶಾಖ ಉಣ್ಣೆಗಿತ್ತು, ನಿನಗೆ ಹೇಳಿಯೂ ಇದ್ದೆ. ನೀನು ನೀರು ತರಲು ಎದ್ದು ಹೋದಾಗ ನಾನು ಒಂದು ಕಾಲರು ಗಟ್ಟಿಯಾಗಿ ನಿಲ್ಲಲೆಂದು ಅದರೊಳಗೆ ಬಕ್ರಂ ಬಟ್ಟೆ ಅಂಟಿಸಲು ಗುಂಡಿಯನ್ನು ಮೇಲಕ್ಕೆ ತಿರುಗಿಸಿದೆ. ಕೆಳಕ್ಕೆ ತಿರುಗಿಸಲಿಲ್ಲ. ನಿನಗೆ ಹೇಳಲೂ ಇಲ್ಲ. ಮರೆತೆ ಅಕ್ಕ. ನೀನು ಬಂದು ನನ್ನ ಮಾತು ನಂಬಿ ಒತ್ತಿದೆ. ಕೋಟಿನ ಬೆನ್ನ ಮೇಲೆ ಪೆಟ್ಟಿಗೆಯ ಅಚ್ಚು ಎದ್ದಿತು.

ವಕೀಲರು ಸಾಲಿಗೆಲ್ಲ ಕೇಳುವ ಹಾಗೆ “ಯಾರ್ ಮಾಡಿದ್ದು ಇದು?” ಎಂದು ಕೂಗಿದಾಗ ನನ್ನ ಬಾಯಿಂದ ಬಂದದ್ದು, “ನಾನಲ್ಲ ಸಾರ್. ಅವಳಿಗೆ ಕಣ್ಣೇ ಕಾಣಲ್ಲ, ಎರಡು ವರ್ಷ ಆಯ್ತು.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಣ್ಣಿನ ಗುಟ್ಟು ಬಿಟ್ಟದ್ದು ನಾನೆಂದು ನಿನಗೆ ಗೊತ್ತು. ಗುಂಡಿ ತಿರುಗಿಸಿದ್ದು ನಾನೆಂದು ನಿನಗೆ ಗೊತ್ತಿಲ್ಲ. ನಿನ್ನ ಕಣ್ಣೇ ಕೋಟು ಸುಟ್ಟಿತು ಎಂದು ನೀನು ನಂಬಿಕೊಂಡೇ ಊರು ಬಿಟ್ಟೆ. ನಿನ್ನ ಕಣ್ಣು ಏನನ್ನೂ ಸುಡಲಿಲ್ಲ.

ಹೊರಡುವ ದಿನ ನೀನು ಬಂದು ಬಾಗಿಲು ತಟ್ಟಿದೆ. ಮೂರು ಸಲ. ನಾನು ಒಳಗೇ ಇದ್ದೆ. ಯಂತ್ರದ ಚಕ್ರ ತಿರುಗದ ಹಾಗೆ ಅಂಗೈಯಲ್ಲಿ ಅದುಮಿ ಹಿಡಿದುಕೊಂಡು ಕೂತಿದ್ದೆ.

ಆರು ಅಂಕಿ ನಿನಗೆ ಓದಲು ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಟಿಂಗ್ ಎನ್ನುವುದು ಮಾತ್ರ ಕೇಳಿಸುತ್ತದೆಂದೂ ಗೊತ್ತು. ಮೇಲೆ ಬೈದದ್ದೆಲ್ಲ ನನ್ನನ್ನೇ ಬೈದುಕೊಂಡದ್ದು.

ಇವತ್ತು ಬೆಳಿಗ್ಗೆ ಏನಾಯಿತೆಂದರೆ, ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಸೈಕಲ್ಲಣ್ಣನೂ ಅಜ್ಜನೂ ಹೋಗಿ ನಿಂತಿದ್ದರಂತೆ. ನಂಬರು ಬದಲಾಯಿಸುವ ಅರ್ಜಿ ತಂದರು. ಸೈಕಲ್ಲಣ್ಣ ಕೈ ತೊಳೆದುಕೊಂಡು ತಾನೇ ತುಂಬಿದ್ದ, ನನ್ನ ಹೆಸರು, ಖಾತೆ, ಹೊಸ ಫೋನಿನ ನಂಬರು, ಎಲ್ಲ. ಒಂದೇ ಒಂದು ಗ್ರೀಸಿನ ಕಲೆ. “ಸಹಿ ಒಂದ್ ಹಾಕಕ್ಕ. ಹತ್ತು ನಿಮಿಷದ ಕೆಲ್ಸ. ಇಷ್ಟಕ್ಕೆ ಹದಿನೈದು ದಿನ ತಲೆ ಕೆಡಿಸ್ಕೊಂಡ್ಯಲ್ಲ!” ಎಂದು ಯಂತ್ರದ ಮೇಲಿಟ್ಟ. ಅಜ್ಜ ನೂಲು ತೆಗೆದುಕೊಳ್ಳುವ ನೆಪದಲ್ಲಿ ಗುಂಡಿಯ ಸೆಳೆಖಾನೆ ಎಳೆದ. ಅಲ್ಲಿ ಅದೇ ಅರ್ಜಿ ಇನ್ನೂ ಮೂರು ಇದ್ದವು, ಮೊದಲ ವಾರ ನಾನೇ ತಂದವು, ಮಡಿಕೆ ಕೂಡ ಬಿಚ್ಚದವು. ಅಜ್ಜ ನೋಡಿದ. ಸದ್ದಾಗದ ಹಾಗೆ ಸೆಳೆಖಾನೆ ಮುಚ್ಚಿದ. “ಬಾರಪ್ಪಾ, ನಿನ್ನ ಟ್ಯೂಬು ನೀರಲ್ಲೇ ಇದೆ” ಎಂದು ಸೈಕಲ್ಲಣ್ಣನ ತೋಳು ಹಿಡಿದು ಕರೆದುಕೊಂಡು ಹೋದ.

ಸಹಿ ಹಾಕುತ್ತೇನೆ ಅಕ್ಕ. ಶುಕ್ರವಾರ ಹಾಕುತ್ತೇನೆ, ಇನ್ನೂರ ನಲವತ್ತು ಮಕ್ಕಳ ಬಟ್ಟೆ ಇದೆ. ಹಾಕಿದ ಮೇಲೆ ನಿನ್ನ ಫೋನು ಸುಮ್ಮನಾಗುತ್ತದೆ. ಅಲ್ಲಿಯವರೆಗೆ ಇನ್ನು ಮೂರು ಬೆಳಗು ಉಳಿದಿವೆ. ಇವತ್ತಿನದು ಆಗಲೇ ಒತ್ತಿದೆ.